ಹೊರನಾಡಿನ ಕನ್ನಡ ತರಗತಿ ಮತ್ತು ಸಾಮಾಜಿಕ ಜಾಲತಾಣ

(ಸುಲ್ತಾನ್ ಬಜಾರಿನಲ್ಲಿ ಸೇರಿದ್ದ ಕನ್ನಡ ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ತರಗತಿಯಲ್ಲಿ ಸಾಮಾಜಿಕ ಜಾಲತಾಣವನ್ನು ಬೋಧನೆಯ ಸಾಧನವಾಗಿ ಬಳಸುವುದು ಹೇಗೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಸಂಘ ನನಗೆ ಸೂಚಿಸಿದೆ. ದೊಡ್ಡ ಶಾಲೆಗಳಲ್ಲಿಯೂ ಶಿಕ್ಷಣ ತಜ್ಞರ ಗೋಷ್ಠಿಗಳಲ್ಲಿಯೂ ಈ ಕುರಿತು ಬಹಳಷ್ಟು ಚರ್ಚೆ ನಡೆದಿದೆ. ಅದನ್ನೆಲ್ಲ ಇಲ್ಲಿ ಒಪ್ಪಿಸುವುದು ನನ್ನ ಉದ್ದೇಶವಲ್ಲ. ನಾನು ನಿವೃತ್ತ ಶಾಲಾ ಶಿಕ್ಷಕ. ಕೆಲವು ವರ್ಷಗಳಿಂದ ಈ ನಗರದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತ ಬಂದವನು. ಆ ಅನುಭವದ ಮಿತಿಯೊಳಗೆ ನಿಂತು, ಹೊರನಾಡ ಕನ್ನಡಿಗರಾದ ನಮಗೆ ಈ ಸಾಧನದಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಕಷ್ಟ ಬೇರೆಯ ಬಗೆಯದು. ಬೆಂಗಳೂರಿನ ಅಥವಾ ಧಾರವಾಡದ ಮಗುವಿಗೆ ಕನ್ನಡ ಬೀದಿಯಲ್ಲಿ ಸಿಗುತ್ತದೆ, ಬಸ್ಸಿನ ಫಲಕದಲ್ಲಿ ಸಿಗುತ್ತದೆ, ಜಗಳದಲ್ಲಿಯೂ ಸಿಗುತ್ತದೆ. ಹೈದರಾಬಾದಿನ ನಮ್ಮ ಮಗುವಿಗೆ ಅದು ಸಿಗುವುದು ಮನೆಯಲ್ಲಿ ಅಡುಗೆಯ ಹೊತ್ತಿನಲ್ಲಿ, ಮತ್ತು ಭಾನುವಾರ ಎರಡು ಗಂಟೆಯ ತರಗತಿಯಲ್ಲಿ. ಉಳಿದ ಆರು ದಿನ ಶಾಲೆಯಲ್ಲಿ ಇಂಗ್ಲಿಷು, ಗೆಳೆಯರೊಂದಿಗೆ ತೆಲುಗು, ಅಂಗಡಿಯಲ್ಲಿ ದಖನಿ. ಭಾನುವಾರ ಕಲಿತ ಅಕ್ಷರ ಬುಧವಾರಕ್ಕೆ ಮಾಸಿ, ಮುಂದಿನ ಭಾನುವಾರ ಮತ್ತೆ ‘ಅ’ದಿಂದ ಆರಂಭಿಸಬೇಕಾಗುತ್ತದೆ. ಆ ಆರು ದಿನಗಳ ಕನ್ನಡವನ್ನು ಎಲ್ಲಿಂದ ತರುವುದು? ನಮ್ಮ ಪಾಲಿಗೆ ಜಾಲತಾಣದ ಪ್ರಶ್ನೆ ಎಂದರೆ ಇದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಲತಾಣವು ಪಾಠ ಹೇಳುವ ಸ್ಥಳವಲ್ಲ; ಕಲಿತ ಕನ್ನಡವನ್ನು ಇನ್ನೊಬ್ಬರೊಡನೆ ಬಳಸುವ ಸ್ಥಳ. ಅದನ್ನು ಹಾಗೆ ಬಳಸಿದರೆ ನಮ್ಮ ತರಗತಿಗೆ ಅದು ಆಸರೆಯಾಗುತ್ತದೆ. ತರಗತಿಗೆ ಬದಲಾಗಿ ಅದನ್ನು ನಿಲ್ಲಿಸಿದರೆ, ಈ ಊರಿನಲ್ಲಿ ಉಳಿದಿರುವ ಅಷ್ಟಿಷ್ಟು ಕನ್ನಡ ಶಿಕ್ಷಣಕ್ಕೂ ಅದೇ ಮುಳುವಾಗುತ್ತದೆ.

ನಾವಿಂದು ಸೇರಿರುವ ಈ ಬಜಾರಿನ ಚರಿತ್ರೆ ನಮ್ಮ ವಿಷಯಕ್ಕೆ ದೂರದ್ದೇನಲ್ಲ. ಇದು ಒಂದು ಕಾಲಕ್ಕೆ ರೆಸಿಡೆನ್ಸಿ ಬಜಾರು. ಪಕ್ಕದ ಕೋಠಿಯಲ್ಲಿದ್ದ ಬ್ರಿಟಿಷ್ ರೆಸಿಡೆಂಟನ ಆಡಳಿತಕ್ಕೆ ಸೇರಿದ್ದ ಈ ಬೀದಿಗಳು 1933ರಲ್ಲಿ ನಿಜಾಮರಿಗೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಎಂಬ ಹೆಸರು ಬಂತು. ಅಲ್ಲಿಯತನಕ ನಿಜಾಮ ಸರ್ಕಾರದ ಅಧಿಕಾರ ಇಲ್ಲಿ ನಡೆಯುತ್ತಿರಲಿಲ್ಲ. ಸಂಸ್ಥಾನದ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ತೆಲುಗು, ಮರಾಠಿ, ಕನ್ನಡ ಮಾತನಾಡುವ ಬಹುಸಂಖ್ಯಾತ ಪ್ರಜೆಗಳ ಭಾಷೆಗಳು ಬಾಗಿಲ ಹೊರಗಿದ್ದವು. ಅಂಥ ಹೊತ್ತಿನಲ್ಲಿ, 1901ರಲ್ಲಿ, ತೆಲುಗು ಬಾಂಧವರು ಇದೇ ಪ್ರದೇಶದಲ್ಲಿ ಒಂದು ಗ್ರಂಥಾಲಯ ತೆರೆದರು. ಅದಕ್ಕೆ ಅವರಿಟ್ಟ ಹೆಸರು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ. ನಾವೂ ನಮ್ಮವನೆಂದು ಹೆಮ್ಮೆಪಡುವ ವಿಜಯನಗರದ ಅರಸನ ಹೆಸರು ಅದು.

ಇದರಲ್ಲಿ ನಮಗೊಂದು ಪಾಠವಿದೆ. ಪರರ ಆಡಳಿತದ ಬಜಾರಿನಲ್ಲಿ ಸಿಕ್ಕ ಅವಕಾಶವನ್ನು ಭಾಷಾಭಿಮಾನಿಗಳು ಬಳಸಿಕೊಂಡರು. ಆದರೆ ಬಜಾರು ತಮ್ಮದೆಂದು ಭ್ರಮಿಸಲಿಲ್ಲ. ತಮ್ಮದೆನ್ನಲು ಅವರು ಒಂದು ಗ್ರಂಥಾಲಯವನ್ನೇ ಕಟ್ಟಿದರು. ಇಂದಿನ ವಾಟ್ಸ್ಆ್ಯಪ್, ಫೇಸ್‌ಬುಕ್, ಯೂಟ್ಯೂಬ್‌ಗಳೂ ಪರರ ಬಜಾರುಗಳೇ. 2009ರಲ್ಲಿ ಹುಟ್ಟಿದ ವಾಟ್ಸ್ಆ್ಯಪನ್ನು ಫೇಸ್‌ಬುಕ್ ಕಂಪನಿ 2014ರಲ್ಲಿ ಕೊಂಡಿತು. ಅಲ್ಲಿನ ಕಟ್ಟಳೆ ಬದಲಿಸುವ ಅಧಿಕಾರ ಅವರದು. ಅಲ್ಲಿ ವ್ಯವಹಾರ ಮಾಡೋಣ. ನಮ್ಮ ಮನೆಯನ್ನು ಮಾತ್ರ ಹೊರಗೆ ಕಟ್ಟಿಕೊಳ್ಳೋಣ.

ಇನ್ನು ಸಾಧನದ ವಿಚಾರ. ಫೋನಿನ ಪಾಠ ಎಂದರೆ ಏನೆಂಬುದನ್ನು ನಾಡು ಮೊದಲ ಸಲ ವ್ಯಾಪಕವಾಗಿ ಕಂಡದ್ದು 2020ರಲ್ಲಿ. ಆ ವರ್ಷದ ಫೆಬ್ರವರಿ 7ರಂದು ಜುಬಿಲಿ ಬಸ್ ನಿಲ್ದಾಣದಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದವರೆಗಿನ ಮೆಟ್ರೋ ಮಾರ್ಗ ಉದ್ಘಾಟನೆಯಾಗಿ, ಸುಲ್ತಾನ್ ಬಜಾರಿಗೂ ಒಂದು ನಿಲ್ದಾಣ ಬಂತು. ದೂರದ ಬಡಾವಣೆಗಳ ಮಕ್ಕಳು ಇನ್ನು ಸಲೀಸಾಗಿ ತರಗತಿಗೆ ಬರಬಹುದೆಂದು ನಾವು ಸಂತೋಷಪಟ್ಟೆವು. ಒಂದೂವರೆ ತಿಂಗಳಲ್ಲಿ ಮೆಟ್ರೋ ನಿಂತಿತು, ಶಾಲೆ ಮುಚ್ಚಿತು, ಬಜಾರಿನ ಬಾಗಿಲುಗಳೂ ಮುಚ್ಚಿದವು.

ಆಗ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿಯಿತು. ಕೇರಳದಲ್ಲಿ ಜೂನ್ 1ರಂದು ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳು ಮಲಯಾಳದಲ್ಲಿ ಆರಂಭವಾದವು. ಕನ್ನಡ ಮತ್ತು ತಮಿಳು ಮಾಧ್ಯಮದ ಮಕ್ಕಳಿಗೆ ಪಾಠ ಸಿದ್ಧವಾದದ್ದು ಆಮೇಲೆ. ಕಾಸರಗೋಡಿನ ಕನ್ನಡಿಗರಿಗೆ ಇಂಥ ಕಾಯುವಿಕೆ ಹೊಸದಲ್ಲ. ತೆಲಂಗಾಣದಲ್ಲಿ ಸೆಪ್ಟೆಂಬರ್ 1ರಿಂದ ಟಿ-ಸ್ಯಾಟ್ ಮತ್ತು ದೂರದರ್ಶನದ ಯಾದಗಿರಿ ವಾಹಿನಿಗಳಲ್ಲಿ ಪಾಠ ಬಂತು. ಕರ್ನಾಟಕ ಸರ್ಕಾರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ವನ್ನು ತಂದಿತು. ಮನೆಯಲ್ಲಿ ಜಾಲಸಂಪರ್ಕವಿರುವ ಫೋನು ಇದೆಯೇ, ಬರಿಯ ಮಾತಿನ ಫೋನು ಇದೆಯೇ, ಯಾವುದೂ ಇಲ್ಲವೇ ಎಂದು ನೋಡಿ ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಊರೊಳಗೆ ಹೋಗಿ ಗುಡಿಯ ಕಟ್ಟೆಯ ಮೇಲೋ ಮರದ ನೆರಳಿನಲ್ಲೋ ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ಏರ್ಪಾಡು ಅದು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು.

ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಶಿಕ್ಷಕನಾದ ನನಗೆ ಕಾಣುವುದು ಇದು. ಟಿ.ವಿ. ಪಾಠ ಎಲ್ಲರನ್ನೂ ತಲುಪಬಲ್ಲದು. ಆದರೆ ಮಗು ತಿರುಗಿ ಒಂದು ಪ್ರಶ್ನೆ ಕೇಳುವಂತಿಲ್ಲ. ಗುಡಿಯ ಕಟ್ಟೆಯ ಮೇಲೆ ಮಗು ಕೇಳಬಹುದು. ಆದರೆ ಶಿಕ್ಷಕ ಅಲ್ಲಿರಬೇಕು. ಫೋನಿನ ಗುಂಪು ಇವೆರಡರ ನಡುವೆ ನಿಲ್ಲುತ್ತದೆ. ಅದರ ನಿಜವಾದ ಬಲ ಅದು ತೋರಿಸುವ ಚಿತ್ರದಲ್ಲಿಲ್ಲ. ಆಚೆ ಕಡೆ ಉತ್ತರ ಕೊಡುವ ಒಬ್ಬ ಮನುಷ್ಯ ಇದ್ದಾನೆ ಎಂಬುದರಲ್ಲಿದೆ. ಆ ಬಲವನ್ನು ಬಿಟ್ಟು, ಗುಂಪಿಗೆ ವಾರಕ್ಕೆ ಹತ್ತು ವಿಡಿಯೋ ತುಂಬುವುದೇ ಬೋಧನೆ ಎಂದುಕೊಂಡರೆ, ನಾವು ಮತ್ತೊಂದು ಟಿ.ವಿ. ಮಾಡಿದಂತಾಯಿತು.

ಶಿಕ್ಷಕರು ತಮ್ಮ ತಮ್ಮಲ್ಲಿ ಇದನ್ನು ಬಳಸಿದ ಒಳ್ಳೆಯ ನಿದರ್ಶನವೊಂದು ಕರ್ನಾಟಕದಲ್ಲಿಯೇ ಇದೆ. 2011ರಿಂದ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲೆಗಳಿಗಾಗಿ ವಿಷಯ ಶಿಕ್ಷಕರ ವೇದಿಕೆಯನ್ನು ಬೆಳೆಸಿದವು. ಒಂದು ಹಳ್ಳಿಯ ಗಣಿತ ಶಿಕ್ಷಕ ಕೇಳಿದ ಪ್ರಶ್ನೆಗೆ ಇನ್ನೊಂದು ಜಿಲ್ಲೆಯ ಗಣಿತ ಶಿಕ್ಷಕಿ ಉತ್ತರಿಸುವ ವ್ಯವಸ್ಥೆ ಅದು. ಅದರೊಂದಿಗೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ, ಯಾರು ಬೇಕಾದರೂ ಬಳಸಬಹುದಾದ ಭಂಡಾರವೂ ಬೆಳೆಯಿತು. ಹೊರನಾಡಿನಲ್ಲಿ ಒಬ್ಬಂಟಿಯಾಗಿ ಕನ್ನಡ ಕಲಿಸುವ ಶಿಕ್ಷಕರಿಗೆ ಇಂಥ ಬಳಗ ಎಷ್ಟು ಅವಶ್ಯವೆಂದು ನಾನು ಹೇಳಬೇಕಾಗಿಲ್ಲ. ಅಕ್ಕಲಕೋಟೆಯವರೂ ಆದವಾನಿಯವರೂ ಕಾಸರಗೋಡಿನವರೂ ಹೈದರಾಬಾದಿನವರೂ ಒಂದೇ ಬಳಗದಲ್ಲಿ ಕುಳಿತು ‘ಒತ್ತಕ್ಷರವನ್ನು ನೀವು ಹೇಗೆ ಕಲಿಸುತ್ತೀರಿ’ ಎಂದು ಕೇಳುವ ದಿನ ಬರಬೇಕು.

ಈಗ ನಮ್ಮ ಭಾನುವಾರದ ತರಗತಿಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಮೊದಲನೆಯದು ಧ್ವನಿ. ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಕನ್ನಡ ಜನರನ್ನು ಕುರಿತು, ಓದು ಕಲಿಯದೆಯೂ ಕಾವ್ಯದಲ್ಲಿ ನುರಿತವರು ಎಂದಿತು. ಆ ಗ್ರಂಥದ ಕಾಲದ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ನಮ್ಮಲ್ಲಿ ಅನೇಕರು ಊರಿಗೆ ಹೋಗುವ ದಾರಿಯಲ್ಲೇ ಇದೆ. ಮಾತಿನಲ್ಲಿ ಇರುವ ಶಕ್ತಿಯನ್ನು ಬಂಡವಾಳವಾಗಿಟ್ಟುಕೊಂಡೇ ಅಕ್ಷರದ ಕಡೆಗೆ ಹೋಗಬೇಕು. ಆದ್ದರಿಂದ ಪ್ರತಿ ಸೋಮವಾರ ಗುಂಪಿಗೆ ನನ್ನ ಧ್ವನಿಯಲ್ಲಿ ಒಂದು ಪ್ರಶ್ನೆ ಹೋಗುತ್ತದೆ. ಮಗು ಅದನ್ನು ಮನೆಯ ಹಿರಿಯರಿಗೋ ಊರಿನಲ್ಲಿರುವ ಅಜ್ಜಂದಿರಿಗೋ ಕೇಳಿ, ಬಂದ ಉತ್ತರವನ್ನು ತನ್ನ ಮಾತಿನಲ್ಲಿ ಹೇಳಿ ಕಳಿಸಬೇಕು.

ಒಂದು ಮುಂಗಾರಿನಲ್ಲಿ ಮಳೆಯ ಕುರಿತು ಕೇಳಿದ್ದೆ. ಕಲಬುರಗಿ ಕಡೆಯ ಕುಟುಂಬದ ಹುಡುಗಿಯೊಬ್ಬಳು ತನ್ನ ಅಜ್ಜನಿಗೆ, “ಮುತ್ಯಾ, ನಮ್ಮೂರಾಗ ಮಳಿ ಬಂದದೇನು?” ಎಂದು ಧ್ವನಿ ಸಂದೇಶ ಕಳಿಸಿದಳು. “ಛಲೋ ಬಂದದ ನನ ಕೂಸು, ನಾಳಿಗಿ ತೊಗರಿ ಬಿತ್ತಬೇಕು” ಎಂದು ಉತ್ತರ ಬಂತು. ತೊಗರಿ ಯಾಕೆ ಬೀಳಬೇಕು ಎಂಬುದು ಹುಡುಗಿಯ ಸಂಶಯ! ನಗರದಲ್ಲಿ ಬೆಳೆದ ಆ ಮಗುವಿಗೆ ‘ಬಿತ್ತು’ ಎಂದರೆ ಕೆಳಗೆ ಬಿದ್ದದ್ದು ಮಾತ್ರ. ಬೀಜ ಊರುವ ‘ಬಿತ್ತು’ ಅವಳ ಕಿವಿಗೆ ಬಿದ್ದಿರಲಿಲ್ಲ. ಆ ಭಾನುವಾರದ ಪಾಠವನ್ನು ನಾನು ಬೇರೆ ಹುಡುಕಬೇಕಾಗಲಿಲ್ಲ. ಬಿತ್ತು, ಬಿತ್ತನೆ, ಬೀಜ, ಬಿದ್ದಿತು ಎಂದು ಹಲಗೆಯ ಮೇಲೆ ಬರೆದಾಗ, ಒತ್ತಕ್ಷರದ ಪಾಠವೂ ಆಯಿತು, ಒಕ್ಕಲುತನದ ಪಾಠವೂ ಆಯಿತು. ಅದಕ್ಕಿಂತ ಹೆಚ್ಚಾಗಿ, ಅಜ್ಜನೊಂದಿಗೆ ಮಾತನಾಡಲು ಕನ್ನಡ ಬೇಕು ಎಂಬುದು ಮಗುವಿಗೆ ಮನವರಿಕೆಯಾಯಿತು. ಕನ್ನಡ ಏಕೆ ಕಲಿಯಬೇಕೆಂದು ಕೇಳುವ ಮಗುವಿಗೆ ಭಾಷಾಪ್ರೇಮದ ಉಪದೇಶ ಮಾಡಿ ಪ್ರಯೋಜನವಿಲ್ಲ. ಆಚೆಯಿಂದ ಒಂದು ಕನ್ನಡದ ಉತ್ತರ ಬರಬೇಕು.

ಎರಡನೆಯದು ಶಬ್ದಸಂಗ್ರಹ. ಮಕ್ಕಳು ಅಡುಗೆಮನೆಯ ಅಥವಾ ಮಾರುಕಟ್ಟೆಯ ಒಂದು ವಸ್ತುವಿನ ಚಿತ್ರ ಕಳಿಸುತ್ತಾರೆ. ಅದಕ್ಕೆ ತಮ್ಮ ಮನೆಯಲ್ಲಿ ಏನೆನ್ನುತ್ತಾರೆಂದು ಎಲ್ಲರೂ ಹೇಳಬೇಕು. ಒಮ್ಮೆ ಹುಳಿಸೊಪ್ಪಿನ ಕಟ್ಟೊಂದರ ಚಿತ್ರ ಬಂತು. ಅಂಗಡಿಯವನು ಅದಕ್ಕೆ ಅಂಬಾಡಾ ಎಂದ, ನೆರೆಮನೆಯ ತೆಲುಗರು ಗೋಂಗೂರ ಎಂದರು. ಬೆಂಗಳೂರಿನ ಕಡೆಯವರು ಗೋಂಗೂರ ಸೊಪ್ಪು ಎಂದು ಬರೆದರು. ಕಲಬುರಗಿಯವರೂ ಧಾರವಾಡದವರೂ ಪುಂಡಿಪಲ್ಯ ಎಂದರು. ಯಾವುದು ಸರಿ ಎಂದು ಮಕ್ಕಳು ಕೇಳಿದಾಗ, ಎಲ್ಲವೂ ಸರಿ ಎಂದೆ. ಹೊರನಾಡಿನ ಸಂಘದಲ್ಲಿ ಮೈಸೂರು, ಕರಾವಳಿ, ಬಯಲುಸೀಮೆ ಎಲ್ಲ ಕಡೆಯ ಕನ್ನಡವೂ ಒಂದೇ ಕೋಣೆಯಲ್ಲಿ ಸೇರಿರುತ್ತದೆ. ಇದು ನಮ್ಮ ಸಂಪತ್ತು. ಪಠ್ಯಪುಸ್ತಕ ಕೊಡಲಾರದ್ದನ್ನು ಇಂಥ ಗುಂಪು ಕೊಡಬಲ್ಲದು. ಬಂದ ಶಬ್ದಗಳನ್ನು ಮಕ್ಕಳು ಒಂದು ದಪ್ಪ ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಫೋನು ಕಳೆದರೂ ಆ ಪುಸ್ತಕ ಉಳಿಯುತ್ತದೆ.

ಮೂರನೆಯದು ಲಿಪಿ. ಇಲ್ಲಿಯೇ ಅತಿ ದೊಡ್ಡ ಅಪಾಯವೂ ಇದೆ, ಅತಿ ದೊಡ್ಡ ಅನುಕೂಲವೂ ಇದೆ. ಅಪಾಯವೆಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಚಾಳಿ. ಮೊದಮೊದಲಿನ ಫೋನುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಆಗ ಅದು ಅನಿವಾರ್ಯವಾಗಿತ್ತು. ಈಗ ಆ ನೆಪವಿಲ್ಲ. ಎಂ, ಎ, ಎಲ್, ಇ ಎಂಬ ನಾಲ್ಕು ಅಕ್ಷರ ಒತ್ತಿದರೆ ಅದು ಮಳೆಯೋ, ಮಲೆಯೋ, ಮಾಲೆಯೋ ಹೇಳುವವರಾರು? ಕನ್ನಡ ಬಲ್ಲ ಹಿರಿಯ ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾನೆ. ಇನ್ನೂ ಕಲಿಯುತ್ತಿರುವ ಮಗುವಿಗೆ ಹ್ರಸ್ವ-ದೀರ್ಘದ, ಲಕಾರ-ಳಕಾರದ ಭೇದವೇ ಅಳಿಸಿಹೋಗುತ್ತದೆ. ಆದ್ದರಿಂದ ನಮ್ಮ ಗುಂಪಿನಲ್ಲಿ ಒಂದೇ ಕಟ್ಟಳೆ: ಮಾತಾದರೆ ಧ್ವನಿಯಲ್ಲಿ, ಬರಹವಾದರೆ ಕನ್ನಡ ಲಿಪಿಯಲ್ಲಿ. ತಪ್ಪಾದರೂ ಚಿಂತೆಯಿಲ್ಲ. ಈ ಕಟ್ಟಳೆ ಪಾಲಕರಿಗೂ ಅನ್ವಯಿಸುತ್ತದೆ. ಮಕ್ಕಳಿಗಿಂತ ಪಾಲಕರಿಗೇ ಇದು ಕಷ್ಟವಾಯಿತೆಂಬುದನ್ನು ಇಲ್ಲಿ ಕುಳಿತಿರುವ ಕೆಲವರು ಒಪ್ಪಿಯಾರು.

ಅನುಕೂಲವೆಂದರೆ ತೆಲುಗು. 2018ರ ತೆಲಂಗಾಣ ಕಾಯ್ದೆಯಿಂದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾದಾಗ, ಕನ್ನಡಕ್ಕೆ ಇನ್ನೂ ಎಡೆ ಕಡಿಮೆಯಾಯಿತೆಂದು ನಮ್ಮಲ್ಲಿ ಹಲವರು ನೊಂದುಕೊಂಡರು. ಎಡೆಯ ಮಾತು ನಿಜ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಶತಮಾನಗಳ ಕಾಲ ಅವು ಒಂದೇ ಆಗಿದ್ದು ಆಮೇಲೆ ಬೇರೆಯಾದವು. ಗಣಕದ ಅಕ್ಷರಗಳ ಜಾಗತಿಕ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿಯೂ ತೆಲುಗಿಗೆ 128 ಮನೆಗಳ ಒಂದು ಓಣಿ, ಅದರ ಬೆನ್ನಿಗೇ ಕನ್ನಡಕ್ಕೆ 128 ಮನೆಗಳ ಇನ್ನೊಂದು ಓಣಿ. ಶಾಲೆಯಲ್ಲಿ ತೆಲುಗು ಓದಬಲ್ಲ ಮಗು ಕನ್ನಡ ಲಿಪಿಯ ಹೊಸ್ತಿಲಲ್ಲಿ ನಿಂತಿದೆ. ಒಳಗೆ ಕರೆಯುವುದಷ್ಟೇ ಬಾಕಿ.

ಇದನ್ನು ಮಕ್ಕಳಿಂದಲೇ ಮಾಡಿಸಿದೆವು. ಬಜಾರಿನ ಅಂಗಡಿಗಳ ತೆಲುಗು ಫಲಕಗಳ ಚಿತ್ರ ತೆಗೆದು ಗುಂಪಿಗೆ ಕಳಿಸಬೇಕು. ಅದರ ಕೆಳಗೆ ಅದೇ ಹೆಸರನ್ನು ಕನ್ನಡ ಲಿಪಿಯಲ್ಲಿ ಕೈಯಿಂದ ಬರೆದು ಅದರ ಚಿತ್ರವನ್ನೂ ಕಳಿಸಬೇಕು. ‘ಸುಲ್ತಾನ್ ಬಜಾರ್’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಸ, ಲ, ಬ, ಜ, ರ ಇವೆಲ್ಲ ಎರಡೂ ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ. ತಕಾರ ಬೇರೆ. ತೆಲುಗಿನ ತಲೆಕಟ್ಟು ಸರಿ ಗುರುತಿನ ಹಾಗೆ ಮೇಲಕ್ಕೆ ಏಳುತ್ತದೆ. ನಮ್ಮದು ಬಲಕ್ಕೆ ಬಾಗಿ ಮಲಗುತ್ತದೆ. ಅವರ ದೀರ್ಘ ಅಕ್ಷರದ ತಲೆಯ ಮೇಲೆ ಕೂರುತ್ತದೆ. ನಮ್ಮದು ಪಕ್ಕದಲ್ಲಿ ಇಳಿಯುತ್ತದೆ. ಈ ನಾಲ್ಕಾರು ಭೇದಗಳನ್ನು ಮಕ್ಕಳೇ ಕಂಡುಹಿಡಿದು ಪಟ್ಟಿ ಮಾಡಿದರು. ಕ, ತ, ಶ ಇಂಥ ಕೆಲವು ಅಕ್ಷರಗಳನ್ನು ಮಾತ್ರ ಪ್ರತ್ಯೇಕವಾಗಿ ತಿದ್ದಿಸಬೇಕಾಯಿತು. ತೆಲುಗು ಬಲ್ಲ ಮಕ್ಕಳು ಕೆಲವೇ ವಾರಗಳಲ್ಲಿ ಸರಳ ಕನ್ನಡ ವಾಕ್ಯಗಳನ್ನು ಓದತೊಡಗಿದರು. ತೆಲುಗನ್ನು ಕನ್ನಡದ ವೈರಿಯೆಂದು ಕಾಣುವವರು ಈ ಏಣಿಯನ್ನು ತಾವೇ ಒದೆಯುತ್ತಾರೆ.

ಕೈಬರಹದ ಮೇಲೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಕನ್ನಡವನ್ನು ಗಣಕಕ್ಕೆ ತಂದವರಿಗೆ ನಾವು ಋಣಿಗಳು. ಕೆ. ಪಿ. ರಾಯರ ಕೀಲಿಮಣೆ, 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಇರದಿದ್ದರೆ ಹೊರನಾಡಿನ ಎಷ್ಟೋ ಕನ್ನಡ ಪತ್ರಿಕೆಗಳು ಅಚ್ಚಾಗುತ್ತಿರಲಿಲ್ಲ. ಆದರೆ ಇಂದಿನ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ತಾನಾಗಿ ಮೂಡಿ, ಆಯ್ಕೆಗೆ ಮೂರು ರೂಪಗಳನ್ನೂ ಮುಂದಿಡುತ್ತದೆ. ಬಲ್ಲವರಿಗೆ ಅದು ಸೌಕರ್ಯ. ಕಲಿಯುವವರಿಗೆ ಅದು ಊರುಗೋಲು. ಕಾಲು ಬಲಿಯಲು ಬಿಡದು. ಅದಕ್ಕಾಗಿ ಮೊದಲ ವರ್ಷ ಹಾಳೆ ಮತ್ತು ಪೆನ್ಸಿಲ್. ಬರೆದದ್ದರ ಚಿತ್ರ ಮಾತ್ರ ಫೋನಿಗೆ. ಎರಡನೆಯ ವರ್ಷ ಕನ್ನಡ ಅಕ್ಷರಗಳೇ ಕಾಣುವ ಕೀಲಿಮಣೆ. ತಪ್ಪುಗಳನ್ನು ನಾನು ಗುಂಪಿನಲ್ಲಿ ಎತ್ತಿ ಹೇಳುವುದಿಲ್ಲ; ಆ ಮನೆಗೆ ಮಾತ್ರ ತಿದ್ದಿ ಕಳಿಸುತ್ತೇನೆ. ನಾಲ್ಕು ಜನರ ಮುಂದೆ ನಾಚಿಕೆಗೀಡಾದ ಮಗು ಮತ್ತೆ ಬರೆಯುವುದಿಲ್ಲ ಎಂಬುದು ಫೋನು ಹುಟ್ಟುವ ಮುಂಚಿನಿಂದಲೂ ಶಿಕ್ಷಕರು ಬಲ್ಲ ಮಾತು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಗಳನ್ನೂ ಹೇಳಬೇಕು. ಗ್ರಾಮೀಣ ಭಾರತದ ಮಕ್ಕಳನ್ನು ಕುರಿತ 2024ರ ‘ಅಸರ್’ ಸಮೀಕ್ಷೆಯಲ್ಲಿ, 14ರಿಂದ 16 ವಯಸ್ಸಿನವರಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆಂದು ತಿಳಿದುಬಂತು. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿನ ಕೆಲಸಕ್ಕೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಹಳ್ಳಿಯ ಲೆಕ್ಕ ಇದಾದರೆ ನಗರದ್ದನ್ನು ನೀವೇ ಊಹಿಸಿಕೊಳ್ಳಬಹುದು. ಪಾಠದ ನೆಪದಲ್ಲಿ ಫೋನು ಕೊಟ್ಟು, ಆಮೇಲೆ ಅದನ್ನು ಕಿತ್ತುಕೊಳ್ಳಲು ಹೆಣಗುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಲೋಕವೂ ಈ ಕುರಿತು ಎಚ್ಚೆತ್ತಿದೆ. ಯುನೆಸ್ಕೋ 2023ರ ತನ್ನ ಶಿಕ್ಷಣ ವರದಿಯಲ್ಲಿ, ಈ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ನಡೆಯಬೇಕು ಎಂಬ ಪ್ರಶ್ನೆಯನ್ನೇ ಮುಂದಿಟ್ಟಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ನಿರ್ಬಂಧ ತಂದಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ಮಾಹಿತಿಯನ್ನು ಬಳಸುವ ಮುನ್ನ ಪಾಲಕರ ಸಮ್ಮತಿ ಪಡೆಯಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ಇವುಗಳ ಬೆಳಕಿನಲ್ಲಿ ನಾವು ಪಾಲಿಸಬೇಕಾದ ಕೆಲವು ನೇಮಗಳಿವೆ. ಗುಂಪಿನಲ್ಲಿ ಇರಬೇಕಾದದ್ದು ತಾಯಿಯ ಅಥವಾ ತಂದೆಯ ಸಂಖ್ಯೆ, ಮಗುವಿನದಲ್ಲ. ಗುಂಪಿಗೆ ಸೇರಿದವರ ಸಂಖ್ಯೆ ಅಲ್ಲಿರುವವರಿಗೆಲ್ಲ ಕಾಣುತ್ತದೆ ಎಂಬುದನ್ನು, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಕರು, ಮರೆಯಬಾರದು. ಮಕ್ಕಳ ಮುಖದ ಚಿತ್ರ ಬೇಡ. ಕೈಬರಹದ ಚಿತ್ರ ಸಾಕು. ಸಂಜೆ ಒಂದು ಗೊತ್ತಾದ ಅರ್ಧ ಗಂಟೆ ಮಾತ್ರ ಗುಂಪು ತೆರೆದಿರಲಿ. ಉಳಿದ ಹೊತ್ತು ಶಿಕ್ಷಕರ ಹೊರತು ಯಾರೂ ಸಂದೇಶ ಹಾಕದಂತೆ ಅದನ್ನು ಮುಚ್ಚಿಡುವ ವ್ಯವಸ್ಥೆ ಅದರಲ್ಲೇ ಇದೆ. ಗುಂಪು ದೊಡ್ಡದಾಗುವುದು ಬೇಡ. 2016ರಲ್ಲಿ 256 ಮಂದಿಗೆ ಅವಕಾಶವಿದ್ದ ವಾಟ್ಸ್ಆ್ಯಪ್ ಗುಂಪಿನಲ್ಲಿ 2022ರ ಕೊನೆಗೆ 1024 ಮಂದಿ ಸೇರುವಂತಾಯಿತು. ಅದು ಜಾತ್ರೆ, ತರಗತಿಗೆ ಹದಿನೈದು ಮನೆ ಸಾಕು. ಮುಂಜಾವಿನ ಹೂಗುಚ್ಛದ ಚಿತ್ರ, ಹಬ್ಬದ ಶುಭಾಶಯ, ಎಲ್ಲಿಂದಲೋ ಬಂದ ಔಷಧದ ಸಲಹೆ, ಪಕ್ಷ ರಾಜಕೀಯ ಇವಕ್ಕೆ ಅಲ್ಲಿ ಪ್ರವೇಶವಿಲ್ಲ. ಈ ನೇಮವನ್ನು ಮುರಿಯುವವರು ಮಕ್ಕಳಲ್ಲ, ದೊಡ್ಡವರು.

ಕಡೆಯದಾಗಿ, ನನ್ನನ್ನು ನಿಜವಾಗಿ ಕಾಡುವ ವಿಷಯ. ಇತ್ತೀಚೆಗೆ ಕೆಲವು ಪಾಲಕರು, “ಮಾಸ್ತರೇ, ಹೇಗೂ ಗುಂಪಿದೆಯಲ್ಲ, ಭಾನುವಾರ ಇಷ್ಟು ದೂರ ಯಾಕೆ ಬರಬೇಕು?” ಎನ್ನತೊಡಗಿದ್ದಾರೆ. ಅವರ ಅಡಚಣೆ ನನಗೆ ಅರ್ಥವಾಗುತ್ತದೆ. ನಗರ ಬೆಳೆದಿದೆ, ಕೊಂಡಾಪುರದಿಂದಲೋ ಮಿಯಾಪುರದಿಂದಲೋ ಇಲ್ಲಿಗೆ ಬರುವುದು ಸುಲಭವಲ್ಲ. ಆದರೆ ಈ ಮಾತಿನ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ಯೋಚಿಸಬೇಕು. ತರಗತಿಯಲ್ಲಿ ಮಗು ಇನ್ನೊಂದು ಕನ್ನಡ ಮಗುವನ್ನು ಕಾಣುತ್ತದೆ. ತನ್ನ ಮನೆಯ ಮಾತು ತನ್ನ ಮನೆಯದು ಮಾತ್ರವಲ್ಲ ಎಂದು ಅರಿಯುತ್ತದೆ. ಫೋನು ಇದನ್ನು ಕೊಡಲಾರದು. ಇಂದು ಪಾಲಕರು ಹೇಳುವ ಮಾತನ್ನೇ ನಾಳೆ ಸರ್ಕಾರಗಳು ಹೇಳುತ್ತವೆ: ಜಾಲದಲ್ಲಿ ಪಾಠವಿದೆಯಲ್ಲ, ಕನ್ನಡ ಶಿಕ್ಷಕರ ಹುದ್ದೆ ಏಕೆ?

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಅದೇ ವರ್ಷ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದವು. ಭೂಮಿ ಅತ್ತ ಹೋಯಿತು. ನಮ್ಮ ಹಿರಿಯರಲ್ಲಿ ಅನೇಕರು ಇತ್ತಲೇ ಉಳಿದರು. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯನ್ನೂ ಕರ್ನಾಟಕ ಸಾಹಿತ್ಯ ಮಂದಿರವನ್ನೂ ಕಟ್ಟಿದ ತಲೆಮಾರುಗಳ ಛಲ ನಮಗೆ ಗೊತ್ತಿದೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಂಥ ಗಡಿಯ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ನೆಲದ ಭಾಷೆ. ಅಲ್ಲಿಯ ಮಗುವಿಗೆ ಬೇಕಾದದ್ದು ಪುಸ್ತಕ ಹಾಗೂ ಶಿಕ್ಷಕ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನಾಗಲಿ ತೆಲಂಗಾಣ ಸರ್ಕಾರವನ್ನಾಗಲಿ ನಾವು ಕೇಳುವಾಗ, ನಮ್ಮ ಮನವಿಯ ಮೊದಲ ಸಾಲಿನಲ್ಲಿ ಶಿಕ್ಷಕ ಇರಬೇಕು, ಎರಡನೆಯದರಲ್ಲಿ ಪುಸ್ತಕ. ಜಾಲದ ಸೌಲಭ್ಯ ಅವುಗಳ ನಂತರ.

ಆದ್ದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನಿಟ್ಟು ಮುಗಿಸುತ್ತೇನೆ. ಭಾನುವಾರದ ತರಗತಿಗೆ ಬರುವ ಮಕ್ಕಳಿಗೆ ಮಾತ್ರ ಫೋನಿನ ಗುಂಪಿನಲ್ಲಿ ಪ್ರವೇಶವಿರಲಿ. ತೀರ ದೂರದವರು ತಿಂಗಳಿಗೆ ಎರಡು ಸಲವಾದರೂ ಬರಲಿ. ಮಕ್ಕಳು ಸಂಗ್ರಹಿಸಿದ ಮನೆಮಾತಿನ ಶಬ್ದಗಳನ್ನು ಸಂಘದ ಪತ್ರಿಕೆಯಲ್ಲಿ ಸಂಚಿಕೆಗೆ ಒಂದು ಪುಟದಂತೆ, ಆ ಮಕ್ಕಳ ಕೈಬರಹದಲ್ಲೇ, ಅಚ್ಚು ಹಾಕೋಣ. ಇತರ ಊರುಗಳ ಸಂಘಗಳೊಡನೆ ಸೇರಿ ಹೊರನಾಡಿನ ಕನ್ನಡ ಶಿಕ್ಷಕರದೇ ಒಂದು ಬಳಗ ಕಟ್ಟೋಣ. ಇವುಗಳಿಗೆ ಹಣ ಹೆಚ್ಚು ಬೇಕಿಲ್ಲ. ನಿಯಮಿತವಾಗಿ ಮಾಡುವ ಜನ ಬೇಕು. ಸಭೆ ಮುಗಿದ ಮೇಲೆ ಹೆಸರು ಬರೆಸಲು ಬಾಗಿಲ ಬಳಿ ಒಂದು ಪುಸ್ತಕ ಇಡಲಾಗಿದೆ. ದಯವಿಟ್ಟು ಕನ್ನಡದಲ್ಲಿಯೇ ಬರೆಯಿರಿ.